ತಲೆಗೆ ಬರೆದ ಮಾತ್ರೆ

ಸರ್ವಮಂಗಳಳ ಶಿವಭಕ್ತಿ ಶನಿವಾರಸಂತೆ ಸುತ್ತಿನ ನಾಲ್ಕೂರಿಗೆ ಗೊತ್ತಿತ್ತು. ಬೆಳಿಗ್ಗೆ ಮಿಂದು ದೇವರಕೋಣೆಗೆ ಹೋಗಿ, ಚಿಲಕ ಹಾಕಿಕೊಂಡು, ಲಿಂಗಪೂಜೆಗೆ ಕೂತಳೆಂದರೆ ಅವಳನ್ನು ಕರೆಯುವವರಿಲ್ಲ. ಸಂಜೆ ಮತ್ತೊಂದು ಸಲ. ಕಣದಲ್ಲಿ ಕಾಫಿ ಒಣಗುವ ಕಾಲದಲ್ಲಂತೂ ಮಧ್ಯಾಹ್ನವೂ ಹೋಗಿ ಕೂರುತ್ತಿದ್ದಳು. ಅವಳ ಅತ್ತೆ ಮಹಾದೇವಮ್ಮ ಇದನ್ನು ಮದುವೆಮನೆ, ತಿಥಿಮನೆ ಎನ್ನದೆ ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

"ನಮ್ ಮಂಗಳಂದು ಪೂಜೆ ಅಂದ್ರೆ ಪೂಜೆ ಕಣವ್ವ. ಮನೆಗೆ ಬೆಂಕಿ ಬಿದ್ರೂ ಅರ್ಧಕ್ಕೆ ಎದ್ದು ಬರಲ್ಲ ಅವ್ಳು."

ಪೂಜೆ ಸುಳ್ಳೇನಲ್ಲ. ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಪತ್ರೆ ಬುಟ್ಟಿಯ ಹಿಂದಿನಿಂದ ಉಬ್ಬಸದ ಪಂಪು ತೆಗೆದು, ಬಾಯಿಗಿಟ್ಟು, ಒಳಕ್ಕೆಳೆದು ಉಸಿರು ಕಟ್ಟುತ್ತಿದ್ದಳು. ಎದೆಯ ಸಿಳ್ಳೆ ಅಡಗುವವರೆಗೆ ಅಲ್ಲೇ ಕೂತು, ವಿಭೂತಿಯ ಮುಖ ಹೊತ್ತು ಹೊರಗೆ ಬರುತ್ತಿದ್ದಳು. ದೇವರ ಮುಂದೆ ಕೂತು ಹೀಗೆ ಕದ್ದುಮುಚ್ಚಿ ಮಾಡಬಹುದೇ ಎಂದು ಕೇಳುವವರು ಕೇಳಿಕೊಳ್ಳಲಿ. ಆ ಮನೆಯಲ್ಲಿ ಅವಳು ನಿಜ ಹೇಳಿದ್ದು ಆ ಶಿವನೊಬ್ಬನಿಗೇ.

ಮುಚ್ಚಿಟ್ಟವಳು ಮೊದಲು ಅವಳಲ್ಲ, ಅವಳ ಅಪ್ಪ. ಹೆಣ್ಣು ಕೇಳಲು ಬಂದಿದ್ದ ಮಹಾದೇವಮ್ಮ ಒಳಪಂಗಡ, ಬೆಡಗು, ಅಡುಗೆ ಎಲ್ಲ ವಿಚಾರಿಸಿ ಕೊನೆಗೆ, "ಹುಡ್ಗಿಗೆ ಕಾಯ್ಲೆ ಗೀಯ್ಲೆ ಏನಿಲ್ವಲ್ಲ?" ಎಂದಿದ್ದಳು. ಅಪ್ಪ "ಛೆ ಛೆ" ಎಂದ. ಅತಿಥಿಗಳು ಹೋದ ಮೇಲೆ ಮಗಳಿಗೆ, "ಮದ್ವೆ ಒಂದ್ ಆಗ್ಲಿ, ಆಮೇಲೆ ನಿಧಾನಕ್ಕೆ ಹೇಳುದ್ರಾಯ್ತು" ಎಂದ. ಆ ನಿಧಾನ ಬರಲೇ ಇಲ್ಲ. ಅಪ್ಪ ಸತ್ತ ಮೇಲೆ ಅಣ್ಣ ಅನಿಲ್‌ಕುಮಾರ್ ಬಂದುಹೋಗುವಾಗಲೆಲ್ಲ ಹಲಸಿನ ಹಪ್ಪಳದ ಚೀಲದ ತಳದಲ್ಲಿಟ್ಟು ಪಂಪು ತಂದುಕೊಡುತ್ತಿದ್ದ. ಹಪ್ಪಳ ಮಹಾದೇವಮ್ಮನಿಗೆ, ಪಂಪು ತಂಗಿಗೆ.

ತಲೆನೋವನ್ನು ಮಾತ್ರ ಸರ್ವಮಂಗಳ ಎಂದೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೂ ಅಲ್ಲ ಅದು. ಮೊದಲು ಕಣ್ಣಂಚಿನಲ್ಲಿ ಏನೋ ಮಿಣಮಿಣ ಎನ್ನುವುದು, ಆಮೇಲೆ ಬಲಗಣ್ಣಿನ ಹಿಂದೆ ಯಾರೋ ಗೂಟ ಬಡಿದಂತೆ ಶುರುವಾಗಿ ಅರೆತಲೆ ಪೂರ್ತಿ ಹಿಡಿಯುವುದು. ಬೆಳಕು ಆಗದು, ಸದ್ದು ಆಗದು, ವಾಸನೆಯಂತೂ ಆಗಲೇ ಆಗದು. ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ, ಕಾರಿನಲ್ಲಿ ಬಂದವರು ರಸ್ತೆ ಬದಿ ನಿಲ್ಲಿಸಿ ಆಹಾ ಓಹೋ ಎಂದು ಫೋಟೊ ತೆಗೆದುಕೊಳ್ಳುವರು. ಇವಳು ಕಾಫಿ ಹೂವಿನ ಆ ಘಮಕ್ಕೆ ವಾಂತಿ ಮಾಡಿ ಮಾಡಿ, ಒದ್ದೆ ಬಟ್ಟೆ ಬಿಗಿದುಕೊಂಡು, ಸೌದೆಮನೆಯ ಕತ್ತಲಲ್ಲಿ ಬಿದ್ದಿರುವಳು. ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ತಲೆನೋವು ಎಲ್ಲರ ಮನೆಯ ಹೆಂಗಸರಿಗೂ ಬರುತ್ತದೆ. ತಲೆನೋವಿನ ಹೆಣ್ಣನ್ನು ತಂದುಕೊಳ್ಳುತ್ತಾರೆ, ಉಬ್ಬಸದ ಹೆಣ್ಣನ್ನು ತಂದುಕೊಳ್ಳುವುದಿಲ್ಲ. ಯಾವ ಪುಣ್ಯಾತ್ಮ ಹಿಡಿದ ತಕ್ಕಡಿಯೋ ಇದು!

ಒಬ್ಬಳೇ ಮಗಳು ವಿನುತಾ. ಅವಳಿಗೆ ತಾಯಿಯಿಂದ ಮೂಗು ಬಂತು, ದನಿ ಬಂತು, ಹೈಸ್ಕೂಲಿಗೆ ಹೋಗುವಾಗ ತಲೆನೋವೂ ಬಂತು. ಅದಕ್ಕೂ ಮೊದಲೇ, ಇನ್ನೂ ಚಿಕ್ಕವಳಿದ್ದಾಗ, ಕಣದಲ್ಲಿ ಆಡಿ ಬಂದವಳ ಎದೆ ಗೊರಗೊರ ಎಂದಿದ್ದನ್ನು ಸರ್ವಮಂಗಳ ಕೇಳಿದ್ದಳು. ಕೇಳಿದವಳು ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿಗೆ ಓಡಲಿಲ್ಲ. ದೇವರಕೋಣೆಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದಳು. ಅಂದಿನಿಂದ ಆ ಮನೆಯಲ್ಲಿ ಭಕ್ತೆಯರು ಇಬ್ಬರಾದರು, ಹಪ್ಪಳದ ಚೀಲದಲ್ಲಿ ಎರಡು ಪಂಪು ಬರತೊಡಗಿದವು. ಊರ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ವಿನುತಾಳನ್ನು ತೋರಿಸಿ, ಕಲಿತುಕೊಳ್ಳಿ ಎನ್ನುತ್ತಿದ್ದರು.

ಸಂತೆಯ ಅಂಗಡಿಯಿಂದ ತರಿಸಿ ನುಂಗುತ್ತಿದ್ದ ನೋವಿನ ಮಾತ್ರೆ ಬರಬರುತ್ತಾ ಸರ್ವಮಂಗಳಳಿಗೆ ಹಿಡಿಯದಾಯಿತು. ನುಂಗಿದಷ್ಟೂ ನೋವು ಹೆಚ್ಚಾಗಿ, ಬಿಟ್ಟು ಬಿಟ್ಟು ಬರುತ್ತಿದ್ದದ್ದು ದಿನವೂ ಬರತೊಡಗಿತು. ಹೋದ ವರ್ಷ ಹೂವಿನ ಕಾಲದಲ್ಲಿ ಅವಳು ನೆಂಟರ ಮನೆಯ ಊಟದ ಪಂಕ್ತಿಯಲ್ಲೇ ವಾಂತಿ ಮಾಡಿಕೊಂಡಳು. ಮಹಾದೇವಮ್ಮನಿಗೆ ಅವಮಾನವಾಯಿತು. ಅವಮಾನವಾದರೆ ಆ ಮನೆಯಲ್ಲಿ ಕೆಲಸ ಬೇಗ ಆಗುತ್ತದೆ. ಮಾರನೆಯ ದಿನವೇ ಸೊಸೆಯನ್ನು ಜೀಪು ಹತ್ತಿಸಿ, ಪೇಟೆಯ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಆ ಡಾಕ್ಟರು ಕೆಟ್ಟವರಲ್ಲ. ಅಂಗಡಿ ಮಾತ್ರೆ ನಿಲ್ಲಿಸಿ ಎಂದರು. ತಲೆನೋವು ಬಂದ ಮೇಲೆ ನುಂಗುವುದು ಬೇಡ, ಬಾರದ ಹಾಗೆ ದಿನವೂ ನುಂಗುವ ಮಾತ್ರೆ ಕೊಡುತ್ತೇನೆ ಎಂದರು. ಬರೆಯುವ ಮೊದಲು ಕೇಳಿದರು.

"ಸಕ್ಕರೆ ಕಾಯಿಲೆ ಇದೆಯೇನಮ್ಮ?"

"ಇಲ್ಲ," ಎಂದಳು ಮಹಾದೇವಮ್ಮ.

"ಮನಸ್ಸಿಗೆ ಬೇಜಾರು, ಸುಮ್ಮಸುಮ್ಮನೆ ಅಳು, ನಿದ್ದೆ ಬರದೇ ಇರೋದು?"

"ಬೇಜಾರಾಗಾಕೆ ಏನಾಗೈತೆ ಸಾರ್ ಇವ್ಳಿಗೆ? ತೋಟ ಐತೆ, ಗದ್ದೆ ಐತೆ."

"ಉಬ್ಬಸ, ದಮ್ಮು?"

ಸರ್ವಮಂಗಳ ಬಾಯಿ ತೆರೆದಳು. ಇದು ನಿಜ, ಅವಳು ಆ ಹೊತ್ತು ಹೇಳಿಬಿಡುವವಳಿದ್ದಳು. ಇಷ್ಟು ವರ್ಷದ ಮೇಲೆ ಯಾರೋ ಅವಳ ಎದೆಯ ವಿಷಯ ಅವಳನ್ನೇ ನೋಡುತ್ತಾ ಕೇಳಿದ್ದರು. ಅಷ್ಟರಲ್ಲಿ ಪಕ್ಕದಿಂದ, "ನಮ್ ಮನೇಲಿ ಯಾರಿಗೂ ಇಲ್ಲ" ಎಂದಿತು ಅತ್ತೆಯ ದನಿ. ಡಾಕ್ಟರು ಸೊಸೆಯ ಮುಖ ನೋಡಿದರು. ಸೊಸೆ ತಲೆ ಅಲ್ಲಾಡಿಸಿ, ಇಲ್ಲ ಎಂದಳು.

ಒಂದೇ ಒಂದು ಮಾತು ಸಾಕಿತ್ತು. ಡಾಕ್ಟರು ಬರೆದದ್ದು ಎದೆಬಡಿತ ತಗ್ಗಿಸುವ ಮಾತ್ರೆ, ಅರೆತಲೆನೋವಿಗೂ ಒಳ್ಳೆಯದು. ಆದರೆ ಉಬ್ಬಸದವರ ಶ್ವಾಸನಾಳವನ್ನು ಅದು ಬಿಗಿಯುತ್ತದೆ, ಪಂಪಿನ ಮದ್ದು ಎದೆಯಲ್ಲಿ ನಾಟದ ಹಾಗೆ ಮಾಡುತ್ತದೆ. ಅವರು ಕೇಳಿದ್ದು ಅದಕ್ಕೇ. ಇದೆ ಎಂದಿದ್ದರೆ ಆ ಚೀಟಿ ಹರಿದು ಬೇರೆ ಮಾತ್ರೆ ಬರೆಯುತ್ತಿದ್ದರು, ಬೇರೆ ಬೇಕಾದಷ್ಟಿದ್ದವು. ಬೀಗರ ಮುಂದೆ ಹೇಳುವ ಉತ್ತರವನ್ನು ಡಾಕ್ಟರ ಮುಂದೆ ಹೇಳಿ ಇಬ್ಬರೂ ಎದ್ದು ಬಂದರು.

ಮಾತ್ರೆ ಕೆಲಸ ಮಾಡಿತು, ಅದೇ ಬಂದ ಗ್ರಹಚಾರ. ಮಳೆಗಾಲ ನಡುವಿಗೆ ಬರುವಷ್ಟರಲ್ಲಿ ಸರ್ವಮಂಗಳಳ ತಲೆ ತಿಳಿಯಾಯಿತು. ಸೌದೆಮನೆ ಸೌದೆಗೇ ಉಳಿಯಿತು. ಅವಳು ನಾಟಿ ಗದ್ದೆಯಲ್ಲಿ ಆಳುಗಳ ಜೊತೆ ನಗುವುದನ್ನು ಕಂಡು ಗಂಡ ಸಿದ್ದಬಸಪ್ಪನೇ ಬೆರಗಾದ. ಡಾಕ್ಟರೂ ಸಂತೋಷಪಟ್ಟು ಮಾತ್ರೆಯ ಬಲ ಹೆಚ್ಚಿಸಿದರು. ಎದೆ ಸ್ವಲ್ಪ ಸ್ವಲ್ಪ ಬಿಗಿಯತೊಡಗಿದ್ದು ಅವಳಿಗೆ ತಿಳಿಯದೆ ಇರಲಿಲ್ಲ. ಥಂಡಿ ಎಂದುಕೊಂಡಳು, ವಯಸ್ಸು ಎಂದುಕೊಂಡಳು. ಇಪ್ಪತ್ತು ವರ್ಷ ಮೀರಿ ಹೊತ್ತ ತಲೆ ಹಗುರಾಗಿರುವಾಗ ಯಾರಿಗೆ ತಾನೇ ಅನುಮಾನಪಡುವ ಮನಸ್ಸು ಬರುತ್ತದೆ?

ಒಬ್ಬರಿಗೆ ಹಿಡಿಸಿದ ಮಾತ್ರೆ ಮನೆಮಂದಿಗೆಲ್ಲ ಎನ್ನುವುದು ನಮ್ಮ ಕಡೆಯ ರೂಢಿ. ಮೊಣಕಾಲಿನ ಎಣ್ಣೆಯಿಂದ ಹಿಡಿದು ಕಣ್ಣಿನ ಹನಿಯವರೆಗೆ ಎಲ್ಲವನ್ನೂ ಹಂಚಿಕೊಳ್ಳುವವರು ಇದೊಂದನ್ನು ಬಿಟ್ಟಾರೆಯೇ? ವಿನುತಾಳ ಬಿ.ಕಾಂ. ಮುಗಿದಿತ್ತು, ಗಂಡಿನ ಮಾತು ಎದ್ದಿತ್ತು. ಮಹಾದೇವಮ್ಮ ಸೊಸೆಯ ಮಾತ್ರೆಯನ್ನು ಮುರಿದು ಅರ್ಧವನ್ನು ಮೊಮ್ಮಗಳ ಅಂಗೈಗೆ ಹಾಕಿದಳು.

"ತಗಳವ್ವ. ಹೆಣ್ ನೋಡಾಕೆ ಬಂದಾಗ ತಲೆ ಹಿಡ್ಕಂಡು ಕೂತ್ರೆ ಏನ್ ಚಂದ?"

ಸರ್ವಮಂಗಳ ತಾನೇ ನೀರು ತಂದುಕೊಟ್ಟಳು. ತನಗೆ ಸಿಕ್ಕ ಸುಖ ಮಗಳಿಗೂ ಸಿಗಲಿ ಎಂಬ ಆಸೆ. ಅಂದಿನಿಂದ ದಿನಕ್ಕರ್ಧ ವಿನುತಾಳ ಹೊಟ್ಟೆಗೂ ಹೋಯಿತು.

ಡಿಸೆಂಬರಿನಲ್ಲಿ ಕೊಯ್ಲು ಬಂತು. ಕಣದ ತುಂಬ ಕಾಫಿ ಹರಡಿ, ದಿನವೂ ಕೈಯಾಡಿಸಿ, ಒಣಗಿದ್ದನ್ನು ಮೂಟೆ ಕಟ್ಟುವಾಗ ಏಳುವ ದೂಳು ಮನೆಯೊಳಗೆಲ್ಲ ತುಂಬಿತು. ಸರ್ವಮಂಗಳ ದಿನಕ್ಕೆ ನಾಲ್ಕೈದು ಸಲ ಪೂಜೆಗೆ ಕೂರತೊಡಗಿದಳು. ಪಂಪು ಮೊದಲಿನಂತೆ ಕೇಳಲಿಲ್ಲ. ಎಳೆದರೆ ಎಳೆದ ಹಾಗೆ ಇರುತ್ತಿತ್ತು, ಸಿಳ್ಳೆ ಸಿಳ್ಳೆಯಾಗಿಯೇ ಇರುತ್ತಿತ್ತು. ಆಗ ಅವಳಿಗೆ ಡಾಕ್ಟರ ಪ್ರಶ್ನೆ ನೆನಪಾಯಿತು. ಹೊರಗೆ ಅಷ್ಟು ರೋಗಿಗಳನ್ನು ಕೂರಿಸಿಕೊಂಡಿರುವ ಡಾಕ್ಟರು ಸುಮ್ಮನೆ ಕೇಳಿರಲಾರರು ಎನ್ನಿಸಿತು. ಅಂಗಳದಲ್ಲಿ ಮೆಣಸು ಕೊಯ್ಯುವ ಏಣಿಗೆ ಹಗ್ಗ ಬಿಗಿಯುತ್ತಿದ್ದ ಗಂಡನ ಬಳಿ ಹೋಗಿ ನಿಂತಳು.

"ಏನೂಂದ್ರೆ, ಡಾಕ್ಟ್ರಿಗೆ ಒಂದ್ ಮಾತು ಹೇಳ್ಬೇಕಿತ್ತು. ಒಂದ್ಸಲ ಕರ್ಕಂಡ್ ಹೋಗ್ತೀರ?"

"ತಲೆ ಸರಿಹೋಗೈತಲ್ಲ, ಇನ್ನೇನು?" ಎಂದ ಸಿದ್ದಬಸಪ್ಪ. ಹಗ್ಗದಿಂದ ಕಣ್ಣೆತ್ತದೆಯೇ ಮತ್ತೆ ಹೇಳಿದ, "ವಿನುತಂದು ಮುಗೀಲಿ ತಡಿ. ಆಮೇಲೆ ಎಲ್ಲಿಗ್ ಬೇಕಾದ್ರೂ ಹೋಗಣ."

ಏನು ಮಾತು ಎಂದು ಅವನು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಲೂ ಇಲ್ಲ.

ಕೊಡ್ಲಿಪೇಟೆ ಕಡೆಯ ಗಂಡು, ಹೆಸರು ಕೀರ್ತಿಕುಮಾರ್. ಶುಂಠಿ, ಕಾಫಿ ಮಾಡಿಕೊಂಡಿದ್ದ ಅನುಕೂಲಸ್ಥರ ಮನೆ. ಜನವರಿಯ ಒಂದು ಬೆಳಿಗ್ಗೆ ಅವನ ತಂದೆ ತಾಯಿ, ಚಿಕ್ಕಪ್ಪ ಎಲ್ಲ ಬಂದರು. ಹುಡುಗ ನೋಡಲು ಲಕ್ಷಣವಾಗಿದ್ದ, ಮಾತೂ ಹಿತವಾಗಿತ್ತು. ವಿನುತಾ ಕಾಫಿ ಕೊಟ್ಟು ಒಳಗೆ ಬಂದವಳು ತಾಯಿಯ ಭುಜಕ್ಕೆ ಹಣೆ ಒತ್ತಿ ನಕ್ಕಳು. ಆ ನಗು ಸರ್ವಮಂಗಳಳಿಗೆ ಸಾಕಿತ್ತು. ಬಾಣಲೆಯಲ್ಲಿ ಬೋಂಡ ಬೇಯುತ್ತಿತ್ತು, ಪಕ್ಕದ ಒಲೆಯಲ್ಲಿ ಒಣಮೆಣಸಿನ ಒಗ್ಗರಣೆ ಸೀದು ಘಾಟು ಎದ್ದಿತು. ಒಂದು ಕೆಮ್ಮು ಬಂತು. ಎರಡನೆಯದಕ್ಕೆ ಉಸಿರು ಸಿಗಲಿಲ್ಲ.

ಅವಳು ಸೆರಗು ಬಾಯಿಗೆ ತುರುಕಿಕೊಂಡು, ನಡುಮನೆಯಲ್ಲಿ ಕೂತವರ ಮುಂದೆಯೇ ತಲೆ ತಗ್ಗಿಸಿ ಹಾದು, ದೇವರಕೋಣೆ ಸೇರಿ ಚಿಲಕ ಹಾಕಿಕೊಂಡಳು. ಪಂಪು ತೆಗೆದು ಎಳೆದಳು. ಮತ್ತೆ ಎಳೆದಳು. ಮದ್ದು ಗಂಟಲಿಗೆ ತಾಗಿ ಕಹಿಯಾಯಿತೇ ಹೊರತು ಕೆಳಗೆ ಇಳಿಯಲಿಲ್ಲ. ಮಂಡಿ ಊರಿ, ಕೈ ಊರಿ, ಬಾಯಿ ತೆರೆದುಕೊಂಡು ಕೂತಳು. ಗೋಡೆಯಾಚೆ ಗಂಡಿನ ತಾಯಿಯ ದನಿ ಕೇಳುತ್ತಿತ್ತು.

"ಎಲ್ಲಿ, ಹುಡ್ಗಿ ತಾಯಿ ಕಾಣ್ತಿಲ್ಲ?"

"ಪೂಜೆಗೆ ಕೂತವ್ಳೆ ಕಣವ್ವ," ಎಂದಳು ಮಹಾದೇವಮ್ಮ. "ಬೆಳಿಗ್ಗೆ ಕೆಲ್ಸದ ಗಡಿಬಿಡಿಲಿ ಆಗಿರ್ಲಿಲ್ಲ. ಪೂಜೆ ಆಗ್ದೆ ತೊಟ್ಟು ನೀರೂ ಮುಟ್ಟಲ್ಲ ಅವ್ಳು."

"ಅಬ್ಬಾ! ಈ ಕಾಲ್ದಲ್ಲೂ ಇಂಥೋರು ಇದಾರಲ್ಲ!"

ಬಾಗಿಲಿಗೆ ಒಮ್ಮೆ ಬಡಿದಿದ್ದರೆ ಸಾಕಿತ್ತು. ಸರ್ವಮಂಗಳ ಕೈ ಎತ್ತಿದಳು ಕೂಡ. ಆದರೆ ಬಡಿದರೆ ಅವರು ನೋಡುತ್ತಾರೆ, ನೋಡಿದರೆ ಮಗಳ ನಗು ಹೋಗುತ್ತದೆ. ಎತ್ತಿದ ಕೈಯನ್ನು ಅವಳೇ ಇಳಿಸಿದಳು. ಆಚೆ ಬೋಂಡ ಬಡಿಸಿದರು, ಕಾಫಿ ಇನ್ನೊಂದು ಸುತ್ತು ಬಂತು, ಶುಂಠಿ ಬೆಳೆಗೆ ಬಂದ ರೋಗದ ಮಾತಾಯಿತು. ಈಚೆ ಅವಳ ಉಗುರು ನೀಲಿಯಾಗುತ್ತಿತ್ತು. ಹೊರಡುವಾಗ ಗಂಡಿನ ತಾಯಿ ಬಾಗಿಲ ಹೊರಗೆ ನಿಂತು, "ಎಬ್ಬಿಸ್ಬೇಡಿ, ಎಬ್ಬಿಸ್ಬೇಡಿ, ಪೂಜೆ ಕೆಡಿಸಿದ ಪಾಪ ನಮಗ್ಯಾಕೆ" ಎಂದು ಕೈಮುಗಿದು ಹೋದಳು. ಕಾರು ಸ್ಟಾರ್ಟ್ ಆಯಿತು, ಗೇಟು ದಾಟಿತು. ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಮಹಾದೇವಮ್ಮನ ದನಿ ಬಂತು.

"ಬಸಪ್ಪ, ಆ ಬಾಗ್ಲು ಮುರಿ."

ಕರೆಯಲಿಲ್ಲ, ತಟ್ಟಲಿಲ್ಲ. ನೇರವಾಗಿ ಮುರಿ ಎಂದಳು. ಕಣ್ಣು ಕತ್ತಲೆಗಟ್ಟುವ ಹೊತ್ತಿನಲ್ಲೂ ಸರ್ವಮಂಗಳಳಿಗೆ ಅದು ಕೇಳಿಸಿತು.

ಮಡಿಕೇರಿಯ ಆಸ್ಪತ್ರೆಗೆ ಹೇಗೆ ಹೋದಳೋ ಅವಳಿಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಮುಖದ ಮೇಲೆ ಆಮ್ಲಜನಕದ ಮಾಸ್ಕು, ಕೈಗೆ ಸೂಜಿ. ಮಂಚದ ಸುತ್ತ ಮನೆಯವರೆಲ್ಲ ನಿಂತಿದ್ದರು. ಡಾಕ್ಟರಮ್ಮ ಮಾತ್ರೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದರು.

"ಉಬ್ಬಸ ಇರೋರಿಗೆ ಈ ಮಾತ್ರೆ ಕೊಡೋ ಹಾಗೇ ಇಲ್ಲ. ಬರೆದ ಡಾಕ್ಟರು ಕೇಳಲಿಲ್ವಾ?"

"ಕೇಳುದ್ರು," ಎಂದಳು ಮಹಾದೇವಮ್ಮ. "ನಾನೇ ಇಲ್ಲ ಅಂದಿದ್ದು."

"ಗೊತ್ತಿರಲಿಲ್ವಾ ನಿಮಗೆ?"

"ಗೊತ್ತಿಲ್ದೆ ಏನು? ಮದ್ವೆ ಆಗಿ ಬಂದ ವರ್ಷನೇ ಗೊತ್ತಾಗಿತ್ತು ಮೇಡಂ. ಒಂದೇ ಸೂರಿನ ಕೆಳಗೆ ಇರೋರಿಗೆ ಉಸ್ರು ಕೇಳಲ್ವ? ಮುಚ್ಚಿಟ್ಟು ಕೊಟ್ರು ಅಂತ ಅವತ್ತೇ ತವರಿಗೆ ಅಟ್ಟಬೋದಿತ್ತು, ಅಟ್ಟಲಿಲ್ಲ. ಅವ್ಳು ಮುಚ್ಚುದ್ಲು, ನಾವೂ ಮುಚ್ಚುದ್ವಿ. ಮನೆ ಮಾನ ಅಲ್ವ?"

ಹೇಳುವಾಗ ಮಹಾದೇವಮ್ಮನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ತಾನು ಮಾಡಿದ್ದು ದೊಡ್ಡ ಉಪಕಾರ ಎಂದು ಆಕೆ ಮನಸಾರೆ ನಂಬಿದ್ದಳು. ಸರ್ವಮಂಗಳ ಗಂಡನತ್ತ ನೋಡಿದಳು. ಸಿದ್ದಬಸಪ್ಪ ಕಿಟಕಿಯತ್ತ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು! ಯಾರಿಗೆ ಹೆದರಿ ಅವಳು ಮದುವೆಯಾದಾಗಿನಿಂದ ಕೆಮ್ಮನ್ನು ನುಂಗಿದಳೋ, ಹೆರಿಗೆಯ ನೋವಿನಲ್ಲೂ ಉಸಿರು ಬಿಗಿಹಿಡಿದಳೋ, ಅವರೆಲ್ಲ ಗೋಡೆಯಾಚೆ ಕೂತು ಕೇಳಿಸಿಕೊಳ್ಳುತ್ತಲೇ ಇದ್ದರು. ಬೈಯಬೇಕೆಂದರೆ ಅವಳಲ್ಲಿ ಉಸಿರಿರಲಿಲ್ಲ.

ಡಾಕ್ಟರಮ್ಮ ಅವಳತ್ತ ಬಗ್ಗಿ ಹೇಳಿದರು, "ಅರೆತಲೆನೋವು ಒಂಟಿಯಾಗಿ ಬರೋದು ಕಮ್ಮಿ ಅಮ್ಮ. ಎಷ್ಟೋ ಜನಕ್ಕೆ ಉಬ್ಬಸವೂ ಇರುತ್ತೆ, ಮನಸ್ಸು ಕುಗ್ಗೋದು, ನಿದ್ದೆಗೆಡೋದು ಇರುತ್ತೆ. ಎಲ್ಲ ಕೇಳ್ಕೊಂಡೇ ನಾವು ಮಾತ್ರೆ ಆರಿಸಬೇಕು. ಎದೆಗೆ ತೊಂದರೆ ಮಾಡದೆ ತಲೆಗೂ ನಿದ್ದೆಗೂ ಆಗೋ ಮಾತ್ರೆ ಬೇರೆ ಇದೆ. ಅದು ಕೊಡ್ತೀನಿ. ಆದರೆ ಈಗ ನುಂಗ್ತಿರೋದನ್ನ ಇನ್ನು ಮುಟ್ಟಬಾರದು." ಆಮೇಲೆ ಮನೆಯವರತ್ತ ತಿರುಗಿ, "ಮನೇಲಿ ಇನ್ಯಾರಿಗಾದ್ರೂ ಉಬ್ಬಸ ಇದೆಯಾ? ಇದು ತಾಯಿಯಿಂದ ಮಕ್ಕಳಿಗೆ ಬರಬಹುದು" ಎಂದರು.

ಸೂಜಿ ಸರಿಪಡಿಸುತ್ತಿದ್ದ ನರ್ಸು ಸುಧಾ ಕೊಡ್ಲಿಪೇಟೆಯವಳು. ಬಂದ ಕೂಡಲೇ ಮಹಾದೇವಮ್ಮ ಅವಳ ಊರು ಕೇರಿ ವಿಚಾರಿಸಿಕೊಂಡಿದ್ದಳು, ಗಂಡಿನ ಮನೆ ಇರುವುದು ಅವಳ ಕೇರಿಯಲ್ಲೇ ಎಂದೂ ತಿಳಿದಿತ್ತು. ಈಗ ಸೊಸೆಯ ಕಿವಿಯ ಬಳಿ ಬಾಗಿ, "ಒಪ್ಪವ್ರೆ ಮಂಗಳ. ದಾರೀಲೇ ಫೋನ್ ಬಂತು" ಎಂದಳು. ಕಾಲ ಬಳಿ ನಿಂತಿದ್ದ ವಿನುತಾ ತಾಯಿಯನ್ನೇ ನೋಡುತ್ತಾ, ಬೇಡ ಎಂಬಂತೆ ಕತ್ತು ಅಲ್ಲಾಡಿಸಿದಳು. ಅವಳು ಬೆಳಿಗ್ಗೆ ನುಂಗಿದ ಅರ್ಧ ಮಾತ್ರೆ ಇನ್ನೂ ಅವಳ ಮೈಯಲ್ಲಿತ್ತು.

ಒಪ್ಪಿದ್ದಾರೆ ಎಂಬ ಮಾತಿಗೆ ಸರ್ವಮಂಗಳಳ ಮನಸ್ಸು ಒಂದು ಗಳಿಗೆ ಕುಣಿಯಿತು. ಕುಣಿದ ಆ ಮನಸ್ಸಿನ ಮೇಲೆ ಅವಳಿಗೇ ಹೇಸಿಗೆಯಾಯಿತು. ಮಾಸ್ಕನ್ನು ಕಿತ್ತು ಪಕ್ಕಕ್ಕೆ ಎಳೆದಳು.

"ಮಗಳಿಗೂ ಐತೆ," ಎಂದಳು. ಉಸಿರು ಎಳೆದು ಎಳೆದು ಉಳಿದದ್ದನ್ನೂ ಹೇಳಿದಳು. "ವಿನುತಂಗೆ. ಚಿಕ್ಕೋಳಿದ್ದಾಗಿಂದ್ಲೂ ಐತೆ. ಇದೇ ಮಾತ್ರೆ... ಅರ್ಧ... ದಿನಾ ನುಂಗ್ತಾಳೆ."

ಅಂದೇ ವಿನುತಾಳನ್ನು ಪರೀಕ್ಷೆ ಮಾಡಿ, ಮಾತ್ರೆ ನಿಲ್ಲಿಸಿ, ಬೇರೆ ಪಂಪು ಬರೆದುಕೊಟ್ಟರು. ಸುಧಾ ಯಾರಿಗೆ ಹೇಳಿದಳೋ, ಹೇಳಲಿಲ್ಲವೋ, ಆ ಹುಡುಗಿಯ ಮೇಲೆ ಹಾಕುವುದು ಬೇಡ. ವಾರ್ಡಿನ ತುಂಬ ಕಿವಿಗಳಿದ್ದವು. ವಾರ ಕಳೆಯುವುದರೊಳಗೆ ಕೊಡ್ಲಿಪೇಟೆಯಿಂದ ಫೋನು ಬಂತು. ಗುರುಗಳನ್ನು ಕೇಳಿದೆವು, ಕೂಡಿಬರುವುದಿಲ್ಲವಂತೆ ಎಂದರು. ಮಹಾದೇವಮ್ಮ ಮಂಚದ ಪಕ್ಕದಲ್ಲೇ ಕೂತು, ಪಕ್ಕದ ಹಾಸಿಗೆಯವರಿಗೂ ಕೇಳುವಂತೆ, "ಬಾಯಿ ಕೊಟ್ಟ ಶಿವ ಉಸ್ರು ಕೊಡ್ಲಿಲ್ಲ ನೋಡಿ ಇವ್ಳಿಗೆ. ಉಸ್ರು ಕೊಟ್ಟು ಬಾಯಿ ಕಿತ್ಕಂಡಿದ್ರೆ ಮಗಳಾದ್ರೂ ಬದುಕೋಳು" ಎಂದಳು. ಸಿದ್ದಬಸಪ್ಪ ಅದಾದ ಮೇಲೆ ಆಸ್ಪತ್ರೆಗೆ ಬರಲಿಲ್ಲ. ಕೊಯ್ಲು ಇದೆ ಎಂದು ಹೇಳಿ ಕಳಿಸಿದ.

ಊಟ ತರುತ್ತಿದ್ದವಳು ವಿನುತಾ. ಬಸ್ಸಿನಲ್ಲಿ ಬಂದು, ಕ್ಯಾರಿಯರ್ ಇಟ್ಟು, ಮಾತಾಡದೆ ಹೋಗುತ್ತಿದ್ದಳು. ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರಮ್ಮ ಹೇಳಿದ ಹಿಂದಿನ ದಿನ ಮಾತ್ರ ಸ್ಟೂಲ್ ಎಳೆದುಕೊಂಡು ಕೂತಳು. ಮುದ್ದೆ ಬಡಿಸಿದಳು, ಸಾರು ಹಾಕಿದಳು. ಜಗಳದ ದನಿಯೇ ಅಲ್ಲ, ಮನೆಯ ಸಮಾಚಾರ ಹೇಳುವ ಹಾಗೆ ಹೇಳಿದಳು.

"ಅಪ್ಪ ಬಾಗ್ಲು ಮುರಿಯೋದು ಇನ್ನೊಂಚೂರು ತಡ ಆಗಿದ್ರೆ ಚೆನ್ನಾಗಿರೋದು ಕಣಮ್ಮ."

ಸರ್ವಮಂಗಳ ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೂತಳು. ಮಗಳ ಮಾತಿನ ಹಿಂದೆ ಅವಳ ಎದೆಯ ಸದ್ದನ್ನು ಆಲಿಸಿದಳು. ಎಷ್ಟು ಆಲಿಸಿದರೂ ಸಿಳ್ಳೆ ಇರಲಿಲ್ಲ.

"ಹೊಸ ಪಂಪು ಎಳ್ಕಂಡ್ಯ ಇವತ್ತು?" ಎಂದು ಕೇಳಿದಳು.

"ಎಳ್ಕಂಡೆ," ಎಂದಳು ವಿನುತಾ. "ಬಸ್‌ಸ್ಟ್ಯಾಂಡಲ್ಲಿ, ಎಲ್ರ ಮುಂದೇನೇ. ಇನ್ ಯಾರಿಂದ ಮುಚ್ಚಿಡ್ಲಿ?"

ಆಮೇಲೆ ಕ್ಯಾರಿಯರ್ ತೊಳೆಯಲು ನಲ್ಲಿಯ ಕಡೆಗೆ ಎದ್ದುಹೋದಳು.